ಲುಕ್ ಅನ್ನೂದಕ್ಕ ಐದು ವಾಕ್ಯ

ಸುಮಿತ್ರಿ ಚಾಪಿ ಮ್ಯಾಲೆ ಬೋರಲ ಬಿದ್ದು
ಪೆನ್ಸಿಲ್ ಕಡಿಯಾಕ ಹತ್ತ್ಯಾಳ.
ಲುಕ್ ಅನ್ನೂ ಮಾತು ಹಾಕಿ
ಐದು ವಾಕ್ಯ ಬರಕೊಂಡು ಬಾ ಅಂದಾರಂತ ಸಾಲ್ಯಾಗ ಬಾಯಿ.
ಈ ಗೋವಾದಾಗ ಟೀಚರ್‌ಗೂ ಬಾಯಿ ಅಂತಾರ.
ಘಮಲಿಬಾಯಿ, ನಾನೂ ಬಾಯಿನ.
ಪಗಾರ ಅಷ್ಟ ಬ್ಯಾರೆ.

ಐದ? ನನ್ನ ಕೇಳು.
ಹದಿನಾಕು ವರ್ಷ ಕಲಂಗುಟ್ ಉಸುಕಿನ್ಯಾಗ
ಕಾಲ್ಗೆಜ್ಜಿ, ಮಣಿಸರ, ಕವಡಿ ಚೀಲ ಹೊತ್ತು
ಆ ಒಂದ ಮಾತಿನ ಮ್ಯಾಲೆ ಅನ್ನ ಉಂಡೀನಿ.
ಲುಕ್ ಮೇಡಮ್. ಲುಕ್ ಲುಕ್. ಲುಕ್ ಫ್ರೀ.
ನೋಡಾಕ ರೊಕ್ಕ ಇಲ್ಲ ಅಂತ ಮೊದಲ ಹೇಳಬೇಕು,
ಇಲ್ಲಾಂದ್ರ ಕಣ್ಣ ಎತ್ತೂದಿಲ್ಲ ಅವರು.

ಜಸ್ಟ್ ಲುಕಿಂಗ್ ಅಂತಾರ.
ಬರಕೊ, ಹಂಗಂದ್ರ ಬಾಗಲಾ ಹಾಕಿದ್ರು ಅಂತ.
ನಮ್ಮಲ್ಲೂ ಐತಿ ಅದು, ನೋಡೂಣು ಅಂತಾರ.
ತಾಂಡಾಕ್ಕ ನನ್ನ ನೋಡಾಕ ಬಂದ ಮೊದಲನೇ ಮಂದಿ
ಅವಲಕ್ಕಿ ತಿಂದು, ಎರಡೆರಡು ಸಲ ಚಾ ಕುಡದು
ನೋಡೂಣು ಅಂದು ಹೋದ್ರು.
ಇನ್ನೂ ನೋಡಾಕ ಹತ್ತ್ಯಾರ.

ಲುಕ್ ಆಫ್ಟರ್ ಹಾಕಲೇನವ್ವ? ಅಂತಾಳ.
ಹಾಕು. ನನ್ನಂಗ ತಿಳಕೋಬ್ಯಾಡ ಮತ್ತ.
ಆಫ್ಟರ್ ಅಂದ್ರ ಆಮ್ಯಾಲೆ ಅಂತ ಕಲತಿದ್ದೆ ನಾನು.
ಹಸಿರು ಟೊಪ್ಪಿಗಿಯಾಕಿ ಒಬ್ಬಾಕಿ ಚೀಲ ತೋರಿಸಿ
ಲುಕ್ ಆಫ್ಟರ್, ಪ್ಲೀಸ್, ಅಂದು ನೀರಿಗೆ ಇಳದ್ಲು.
ಆತು ಬಿಡು, ಆಮ್ಯಾಲೆ ನೋಡಿದ್ರಾತು ಅಂತ
ನಾ ಎರಡು ಶ್ಯಾಕ್ ದಾಟಿ ಹೋದೆ, ಒಂದು ಗೆಜ್ಜಿ ಮಾರಿದೆ.
ತಿರುಗಿ ಬಂದ್ರ ಆಕಿ ಕೆಂಪಗಾಗಿ ಒದರಾಕ ಹತ್ತಿದ್ಲು.
ಚೀಲಕ್ಕ ಏನೂ ಆಗಿದ್ದಿಲ್ಲ.
ಒಂದು ಕಂದು ನಾಯಿ ಅದರ ಬಾಜೂಕ ಮಲಗಿತ್ತು.
ಆ ನಾಯಿಗೆ ನನಗಿಂತ ಚಲೋ ಇಂಗ್ಲಿಷ್ ಬರತಿತ್ತು.

ಲುಕ್ ಔಟ್ ಅಂದ್ರ ಹೊರಗ ನೋಡಬಾರದು, ಓಡಬೇಕು.
ವಾರ್ಡನ್ ಜೀಪ್ ಬಂತಂತ ಶ್ಯಾಕಿನ ಹುಡುಗ ಕೂಗಿದ್ದ,
ನಾ ಸಮುದ್ರ ನೋಡಿಕೋತ ನಿಂತೆ.
ಆವತ್ತಿನ ಮಾಲೆಲ್ಲಾ ಹೋತು, ದಂಡಾ ಬ್ಯಾರೆ.

ಲುಕ್ಸ್ ಲೈಕ್ ರೇನ್ ಅಂತಾನ ಮೇ ತಿಂಗಳದಾಗ ಕಾಯ್ತಾನ್.
ಮಳಿ ಮಾರಿ ಯಾರಂಗ ಐತಿ ಅಂತ ಕೇಳಬ್ಯಾಡ.
ಅವ ಶ್ಯಾಕಿನ ಗರಿ ಬಿಚ್ಚಾಕ ನಿಂತನಂದ್ರ
ನಾವೂ ಗಂಟು ಕಟ್ಟಬೇಕು.

ಮನಿ ಕಟ್ಟಿ ನೋಡು, ಲಗ್ನ ಮಾಡಿ ನೋಡು ಅಂತಾರಲ್ಲ,
ಅಲ್ಲಿ ಕಣ್ಣಿಗೆ ಕೆಲಸ ಇಲ್ಲ,
ಎಲ್ಲಾ ಬೆನ್ನಿಗೆ.
ಆ ನೋಡೂದಕ್ಕ ಇಂಗ್ಲಿಷ್‌ನ್ಯಾಗ ಏನಂತಾರ?
ಟ್ರೈ, ಅಂತಾಳ.
ಛೆ, ಒಣಾ ಮಾತು.

ಪೆನ್ಸಿಲ್ ಮೊನಿ ಮುರೀತು. ನಾಕು ಆದೂ ಅಂದ್ಲು.
ಐದನೇದು?

ನನ್ನ ಕಾಂಚಳಿ ತುಂಬ ಕನ್ನಡಿ ಅದಾವ,
ನಮ್ಮವ್ವ ಹಚ್ಚಿದ್ದು. ಎಣಿಸಿಲ್ಲ ಎಂದೂ.
ನಾ ಬಗ್ಗಿ ಸರ ತೋರಿಸೂ ಮುಂದ
ಅವರು ನನ್ನ ಎದಿ ಮ್ಯಾಗಿನ ಕನ್ನಡ್ಯಾಗ
ತಮ್ಮ ಕೂದಲಾ ಸರಿ ಮಾಡಿಕೋತಾರ,
ಹಲ್ಲಾಗ ಸಿಕ್ಕ ಕೊತಂಬರಿ ತಗೀತಾರ,
ಥ್ಯಾಂಕ್ಯೂ ಅಂತಾರ, ಹೋಗತಾರ.
ಅದಕ್ಕೇನಂತಾರ ನಿನ್ನ ಪುಸ್ತಕದಾಗ?
ಲುಕ್ ಥ್ರೂ ಇರಬೇಕು, ಅಂದ್ಲು. ಖಾತ್ರಿ ಇಲ್ಲ.
ಆಮ್ಯಾಲೆ ನನಗ ಬೆನ್ನ ಕೊಟ್ಟು ಕುಂತು ಏನೋ ಬರದ್ಲು.
ಓದವ್ವ ಅಂದ್ರ ಓದಲಿಲ್ಲ.

ಮರುದಿನ ಸಂಜಿಗೆ ಪಟ್ಟಿ ತಂದ್ಲು.
ನಾಕಕ್ಕ ರೈಟು.
ಐದನೇದು, ಮೈ ಮದರ್ ಲುಕ್ಸ್. ಅಷ್ಟ.
ಬಾಜೂಕ ಕೆಂಪು ಪೆನ್ನಿಲೆ ಬಾಯಿ ಕೇಳ್ಯಾರ:
ಏನನ್ನ? ವಾಕ್ಯ ಪೂರ್ತಿ ಮಾಡು.

ಏನ ಬರೀಲವ್ವ?

ಒಲಿ ಮ್ಯಾಲೆ ಅನ್ನ ಉಕ್ಕಾಕ ಹತ್ತಿತ್ತು.
ಮುಚ್ಚಳಾ ಸರಿಸಿ
ನೋಡೂಣು, ಅಂದೆ.