ನಾಲ್ಕು ಬೆರಳು

ತುಮಕೂರಿನ ಎಂ.ಜಿ. ರಸ್ತೆಗೆ ಬೆನ್ನು ಕೊಟ್ಟ ಓಣಿಯಲ್ಲಿ
ಮೆಟ್ಟಿಲ ಕೆಳಗೆ ನನ್ನ ಮಿಷನ್ನು.
ಬೋರ್ಡಿಲ್ಲ. ಶೋರೂಮಿನವರೇ ಹೇಳಿ ಕಳಿಸುತ್ತಾರೆ:
ಉದ್ದ ಆಯ್ತಾ? ಗಂಗಹನುಮಯ್ಯನ ಹತ್ರ ಹೋಗಿ.

ಜೀನ್ಸು ಹೊಲಿಯುವವರು
ಯಾವನೋ ಆರಡಿಯವನನ್ನು ಮನಸ್ಸಲ್ಲಿಟ್ಟುಕೊಂಡು ಕತ್ತರಿಸುತ್ತಾರೆ.
ಗುಬ್ಬಿಯವನಿಗೆ, ಕುಣಿಗಲ್ಲಿನವನಿಗೆ
ಕೆಳಗೆ ನಾಲ್ಕು ಬೆರಳು ಮಿಗುತ್ತದೆ.
ಆ ನಾಲ್ಕು ಬೆರಳು ನನ್ನ ಅನ್ನ.

ಮೊನ್ನೆ ಬಂದವನು ವಸಂತನರಸಾಪುರದ ಫ್ಯಾಕ್ಟರಿ ಹುಡುಗ,
ಓಂಕಾರಸ್ವಾಮಿ ಅಂತ. ಕೈಯಲ್ಲಿ ಎರಡು ಕವರು.
ಒಂದು, ಐದು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ.
ಇನ್ನೊಂದು ಮಂಡಿಪೇಟೆಯದು, ಚೌಕಾಸಿ ಮಾಡಿ ಆರುನೂರೈವತ್ತು.
"ಅಣ್ಣ, ಒಂದನ್ನ ವಾಪಸ್ ಕೊಡ್ಬೇಕು. ಯಾವುದು, ನೀನೇ ಹೇಳು."

ಬೆಲೆಚೀಟಿ ನೋಡಲಿಲ್ಲ. ಎರಡನ್ನೂ ತಿರುವಿ ಹಾಕಿದೆ,
ಬಟ್ಟೆಯ ಬಂಡವಾಳ ಇರುವುದು ಒಳಮಗ್ಗುಲಲ್ಲಿ.

ನೋಡು, ಹಾಸು ನೀಲಿ, ಹೊಕ್ಕು ಬಿಳಿ.
ಓರೆಯಾಗಿ ಹತ್ತುವ ಈ ಗೆರೆ
ಕೂರಿಗೆಯಲ್ಲಿ ಬಿತ್ತಿದ ರಾಗಿಸಾಲಿನಂತೆ ಒತ್ತಾಗಿರಬೇಕು.
ಎಳೆದು ಬಿಡು. ಲಂಗೋಟಿ ಲಾಡಿಯಂತೆ ಜಗ್ಗಿದರೆ ರಬ್ಬರು ಜಾಸ್ತಿ,
ಎರಡು ವರ್ಷಕ್ಕೆ ಮೊಣಕಾಲಿಗೆ ಹೊಟ್ಟೆ ಬರುತ್ತದೆ.
ಜೇಬೊಳಗಿನ ಬಿಳಿಬಟ್ಟೆ ಮುಟ್ಟು. ಬೀಗದಕೈ ಮೊದಲು ತೂತು ಹಾಕುವುದು ಅಲ್ಲೇ,
ಜುಗ್ಗರು ಕಾಸು ಉಳಿಸುವುದೂ ಅಲ್ಲೇ.
ತೊಡೆ ಕೂಡುವ ಕವಲಲ್ಲಿ ಹೊಲಿಗೆ ಎರಡು ಸಾಲಿದೆಯಾ?
ಬೈಕು ಓಡಿಸುವವರ ಜೀನ್ಸು ಪ್ರಾಣ ಬಿಡುವ ಜಾಗ ಅದು.

ಮಂಡಿಪೇಟೆಯದಕ್ಕೆ ಒಂದೇ ಸಾಲು,
ಜೇಬು ಈರುಳ್ಳಿ ಸಿಪ್ಪೆ.
ಐದು ಸಾವಿರದ್ದಕ್ಕೆ ಹಿತ್ತಾಳೆ ಜಿಪ್ಪು, ಜೇಬು ಗಟ್ಟಿ,
ಆದರೆ ಮೊಣಕಾಲ ಮೇಲೆ ಉಜ್ಜಿ ಉಜ್ಜಿ ಎಳೆ ಕಿತ್ತಿದ್ದರು.
"ನೀನು ಮೂರು ವರ್ಷ ತಿರುಗಿ ಸವೆಸಬೇಕಾದ್ದನ್ನ
ಅವರೇ ಸವೆಸಿ, ಅದಕ್ಕೂ ಕೂಲಿ ತಗೊಂಡವ್ರೆ ಕಣಪ್ಪ."

ಹಾಗಾದ್ರೆ?

ಹಾಗಾದ್ರೆ ಎರಡೂ ಬೇಡ. ಸಾವಿರದೆಂಟುನೂರರ ಆಸುಪಾಸು,
ತೂತಿಲ್ಲದ್ದು, ಕಡುನೀಲಿ, ಹಾಕಿದ ದಿನ ತಟ್ಟಿನಂತೆ ನಿಲ್ಲುವಂಥದ್ದು.
ಅಲ್ಲೀತನಕ ಕೊಡೋ ದುಡ್ಡು ಬಟ್ಟೆಗೆ.
ಅಲ್ಲಿಂದಾಚೆದು ಸೊಂಟದ ಹಿಂದಿನ ಚರ್ಮದ ಚೀಟಿಗೆ,
ಅದನ್ನೂ ಅಂಗಿ ಮುಚ್ಚಿರುತ್ತೆ.

ಚೆನ್ನಾಗಿ ಹೇಳಿದೆ ಅನಿಸಿತು ನನಗೇ. ಬೀಡಿ ಹಚ್ಚಿದೆ.

ಹುಡುಗ ತಲೆಯಾಡಿಸಿದ. ಕವರಿನ ಹಿಡಿ ಸುತ್ತುತ್ತ ಮೆಲ್ಲಗೆ:
"ಅಲ್ಲಿ ಮೂರು ಕನ್ನಡಿ ಇದ್ವು, ಅಣ್ಣ.
ನನ್ನ ಬೆನ್ನು ನಾನು ನೋಡಿದ್ದು ಅದೇ ಮೊದಲು.
ಇವನು ಯಾರಪ್ಪ ಅಂತ
ಆ ಕಡೆ ಸರಿದು ದಾರಿ ಬಿಟ್ಟೆ."

ಮೂವತ್ತೆಂಟು ವರ್ಷ ಟೇಪು ಹಿಡಿದಿದ್ದೇನೆ.
ಇದನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದೋ ತಿಳಿಯಲಿಲ್ಲ.
ನನ್ನ ಮೆಟ್ಟಿಲ ಕೆಳಗಿರುವುದು ಅಂಗೈಯಗಲ ಕನ್ನಡಿ,
ಗಡ್ಡ ಕಾಣುತ್ತದೆ, ಅಷ್ಟೇ.

ಮಂಡಿಪೇಟೆಯವನು ವಾಪಸ್ ತಗೊಳ್ಳಲಿಲ್ಲವಂತೆ.
ಅದೀಗ ತಮ್ಮನ ಮೈಮೇಲಿದೆ.

ಐದು ಸಾವಿರದ್ದಕ್ಕೆ ಸೀಮೆಸುಣ್ಣ ಎಳೆದೆ.
ನೆಟ್ಟಗೆ ನಿಂತ್ಕೊ ಅಂದರೆ
ಪಟದಲ್ಲಿ ನಿಂತ ಹಾಗೆ ನಿಂತ.
ಮಾಡಿದ ಉಪದೇಶವನ್ನೆಲ್ಲ ಬಾಯಿಂದ ತೆಗೆದು
ಗುಂಡುಪಿನ್ನು ಕಚ್ಚಿಕೊಂಡೆ.
ಕತ್ತರಿಸಿದ ನಾಲ್ಕು ಬೆರಳು ಚೀಲಕ್ಕೆ ಬಿತ್ತು,
ಇನ್ನೂರು ಮುನ್ನೂರರವುಗಳ ನಡುವೆ.

ಸಂಜೆ ಇಡ್ಲಿ ಗಾಡಿಯ ಪುಟ್ಟತಾಯಮ್ಮ ಬರುತ್ತಾಳೆ,
ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆಗೆ.
ಚೀಲಕ್ಕೆ ಕೈ ಹಾಕುತ್ತಾಳೆ,
ಕಂಪನಿ ಕೇಳುವುದಿಲ್ಲ.
ಕೈ ಸುಟ್ಟರೆ ಮಾರನೇ ದಿನ ತಂದು ಬಿಸಾಕುತ್ತಾಳೆ.

ಹುಡುಗನಿಂದ ಅರವತ್ತು ರೂಪಾಯಿ ತಗೊಂಡೆ.
ಎಲ್ಲ ಕಾಲಿಗೂ ಅಷ್ಟೇ.