ಗುರುವಾರ ಏನು ಉಂಡಿರಿ?

ಸೊಹಾರಿನ ಲೇಬರ್ ಕ್ಯಾಂಪು. ಮಂಚ ಮಂಚಕ್ಕೂ
ಒಂದೇ ಪ್ರಶ್ನೆ ಕೇಳುತ್ತ ಬಂದೆ:
ಗುರುವಾರ ಏನು ಉಂಡಿರಿ?

ಅನ್ನ, ಅಂದರು. ಬೇಳೆ. ಹುರಿದ ಬಂಗುಡೆ.
ಒಬ್ಬ ನಾಚುತ್ತ, ಮಜ್ಜಿಗೆ ಎರಡು ಸಲ.
ನಲವತ್ತೊಂದು ಹೊಟ್ಟೆ,
ಕಕ್ಕಸು ನಾಲ್ಕೇ.

ಏಳನೇ ರೂಮಿನ ಬಾಬು ಕೊಟ್ಟಾರಿ ಮಾತ್ರ
ಗುಂಡುಕಲ್ಲಿನಂತಿದ್ದ. ಎಲ್ಲ ಉಂಡಿದ್ದ,
ಹಲ್ಲುನೋವೆಂದು
ತಣ್ಣನೆಯದು ಮುಟ್ಟಿರಲಿಲ್ಲ.

ಮಜ್ಜಿಗೆಗೆ ಐಸು ಎಲ್ಲಿಂದ ತಂದೆ?
ಇದ್ದಿನಬ್ಬ ಸೌಟು ಕೆಳಗಿಟ್ಟ.
ಮೀನಿನ ಪಿಕಪ್ಪಿಂದ, ಅಕ್ಕಾ.
ಬಿಸಿಲಲ್ಲಿ ಬೆಂದು ಬಂದಿದ್ದರು, ಪಾಪ,
ಒಂಚೂರು ತಂಪಾಗಲಿ ಅಂತ...

ಫಾರಮ್ಮಿನಲ್ಲಿ ಕಾರಣಕ್ಕೊಂದು ಖಾನೆ.
ಐಸು, ಎಂದು ಬರೆದೆ.

ತಲೆಯೆತ್ತಿದರೆ ಹೊರಗೆ ಅವನು
ಉಪ್ಪು ಹಾಕಿದ ಗಂಜಿತಿಳಿ ಸಾಲಾಗಿಟ್ಟು
ರಟ್ಟಿನ ಚೂರಿನಿಂದ ಬೀಸಿ ಬೀಸಿ
ಆರಿಸುತ್ತಿದ್ದ.