ತಿದಿ

ಕಾರ್ಖಾನೆ ಮುಚ್ಚಿದ ವಾರ ಅಮ್ಮ ಕೇಳಿದಳು,
ಉಪ್ಪು ಕೇಳಿದ ಹಾಗೆ, ನನ್ನ ಕಡೆ ನೋಡದೆ:
"ಅಕಾರ್ಡಿಯನ್ನಿಗೆ ಈಗ ಎಷ್ಟಾಗುತ್ತದೆ, ಲೆರೆಕೊ?"

ಐವತ್ತೇಳು ವರ್ಷದಲ್ಲಿ ತನಗೆಂದು ಅವಳು
ಬೆಲೆ ವಿಚಾರಿಸಿದ್ದನ್ನು ಕೇಳಿದ್ದು ಎರಡೇ ಸಲ.
ಒಮ್ಮೆ, ಹಲ್ಲು ಕೀಳಿಸಲು.

ಮಸೇರುವಿನ ದೊಡ್ಡ ಬೀದಿಯಲ್ಲಿ ಗಾಜಿನ ಹಿಂದೆ
ಕೆಂಪಗೆ ಮಿಂಚುವುದೊಂದಿತ್ತು. ಹದಿನಾಲ್ಕು ಸಾವಿರ ಮಲೋಟಿ.
ಮುಟ್ಟಲೂ ಬಿಡಲಿಲ್ಲ ಅಂಗಡಿಯವನು.
ಹತ್ತೊಂಬತ್ತು ವರ್ಷಕ್ಕೆ ಲೆಕ್ಕ ಚುಕ್ತಾ ಮಾಡಿ ಕೊಟ್ಟದ್ದರಲ್ಲಿ
ತಂಗಿಯ ಶಾಲೆ, ಸೂರಿನ ತಗಡು, ಚಳಿಗಾಲದ ಸೀಮೆಎಣ್ಣೆ ಕಳೆದು
ಉಳಿದದ್ದು ಎರಡು ಸಾವಿರದ ಮುನ್ನೂರು.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುವುದು ಸರಿ.
ಇದು ಕಂಬಳಿ ಹೊದೆಯುವ ಬೆಟ್ಟದ ಸೀಮೆ,
ನಾವು ಕಾಲು ಮಡಚಿಕೊಂಡೇ ಹುಟ್ಟಿದವರು.

ನನ್ನ ಟ್ಯಾಕ್ಸಿ ಹತ್ತಿದವರನ್ನೆಲ್ಲ ಕೇಳಿದೆ.
ಒಬ್ಬ ಮೌತ್ ಆರ್ಗನ್ ಕೊಡುತ್ತೇನೆಂದ.
ಒಬ್ಬಳ ಚಿಕ್ಕಪ್ಪನದು ಅವನ ಜೊತೆಗೇ ಮಣ್ಣಾಗಿತ್ತು.
ಇಗರ್ಜಿಯ ಮಾಸ್ತರರು, "ಕೀಬೋರ್ಡ್ ತಗೊಳ್ಳಿ, ಸಲೀಸು" ಎಂದರು.
"ಬ್ಯಾಟರಿಗೆ ಉಸಿರಿಲ್ಲ" ಎಂದಳು ಅಮ್ಮ.

ಕೊನೆಗೆ ಜುಲೈ ತಿಂಗಳ ಒಂದು ಮುಂಜಾನೆ
ಸೇತುವೆಯ ಸರತಿಯಲ್ಲಿ ಎರಡು ತಾಸು ನಡುಗಿ
ಮೊಹೊಕಾರೆ ನದಿ ದಾಟಿ ಲೇಡಿಬ್ರ್ಯಾಂಡಿಗೆ ಹೋದೆವು,
ಸೆಖೋಬೆಯ ಗಿರವಿ ಅಂಗಡಿಗೆ.
ಗಣಿಯಿಂದ ಮರಳಿದವರು ಬಿಟ್ಟುಹೋದ ಬೂಟು, ರೇಡಿಯೊ, ಟಾರ್ಚು,
ಅವುಗಳ ಮೇಲಿನ ಹಲಗೆಯಲ್ಲಿ
ಮಳೆಗೆ ಸಿಕ್ಕ ಬೈಬಲ್ಲಿನಂತೆ ಉಬ್ಬಿಕೊಂಡು, ಕಪ್ಪಗೆ,
ಒಂದು ಅಕಾರ್ಡಿಯನ್. ತಿದಿಯ ಮೂಲೆ ಹರಿದಿತ್ತು.
"ಮೂರೂವರೆ ಸಾವಿರ ರಾಂಡ್" ಎಂದ.

ನಾನು ಜಾಣತನ ತೋರಿಸಲು ಬಾಯಿ ತೆರೆದೆ.
"ನೀನು ಸುಮ್ಮನಿರು."

ಹೊದ್ದಿದ್ದ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿ
ಅದನ್ನು ಬೋರಲು ಮಲಗಿಸಿದಳು, ಮಗುವಿಗೆ ಎಣ್ಣೆ ಹಚ್ಚುವವಳಂತೆ.
ಮರೆತೇಬಿಟ್ಟಿದ್ದೆ ನಾನು:
ದಿನಕ್ಕೆ ನಾನ್ನೂರು ಜೀನ್ಸು ಒಳಹೊರಗೆ ಮಾಡಿ
ಎಲ್ಲೋ ಯಾರೋ ಹಾಕಿಕೊಳ್ಳುವ ಮುಂಚೆ
ತಪ್ಪು ಹುಡುಕುವುದು ಇವಳ ಕಸುಬು.
ಪರ್ಸಿನಿಂದ ತೆಗೆದಳು ಕೆಂಪು ಬಾಣದ ಸ್ಟಿಕರ್ ಸುರುಳಿ.
(ಕೊನೆಯ ದಿನ ಕದ್ದು ತಂದಿರಬೇಕು. ಕೇಳಿಲ್ಲ.)
ಒಂದೊಂದೇ ಗುಂಡಿ ಒತ್ತಿ, ಕಿವಿ ಹಚ್ಚಿ, ಮೂಸಿ,
ಇಲ್ಲಿ ನಾಲಗೆ ತುಕ್ಕು, ಒಂದು ಬಾಣ.
ಇಲ್ಲಿ ಗಾಳಿ ಸೋರಿಕೆ, ಒಂದು ಬಾಣ.
ಪಟ್ಟಿಯ ಹೊಲಿಗೆ. "ಇದನ್ನು ಹೊಲಿದವನಿಗೆ ಸಂಬಳ ಯಾರು ಕೊಟ್ಟರು?"

ಹನ್ನೊಂದಾಗುವಷ್ಟರಲ್ಲಿ ಸೆಖೋಬೆ ಟೋಪಿ ತೆಗೆದು ತಲೆ ಕೆರೆದ.
"ಅಮ್ಮಾ, ಹಾಗಾದರೆ ಇದು ಕಸವೇ?"
"ಕಸವಲ್ಲ. ಎರಡನೇ ದರ್ಜೆ.
ಎರಡನೇ ದರ್ಜೆಗೆ ಎರಡನೇ ದರ್ಜೆಯ ಬೆಲೆ."

ಎರಡು ಸಾವಿರದ ನೂರು.
ಉಳಿದದ್ದರಲ್ಲಿ ಇಬ್ಬರೂ ಬಿಸಿ ಆಲೂಗಡ್ಡೆ ತಿಂದೆವು.
ಗಡಿಯ ಅಧಿಕಾರಿ ಬಾಣಗಳನ್ನು ನೋಡಿ ಪೆಟ್ಟಿಗೆ ಬಿಚ್ಚಿಸಿದ, ಅನುಮಾನದಿಂದ.

ಈಗ ತಿದಿಯ ಮೂಲೆಗೆ ನೀಲಿ ಜೀನ್ಸಿನ ತೇಪೆ,
ಜೋಡಿ ಹೊಲಿಗೆ, ಜೇನುಮೇಣ.
ರಿಪೇರಿ ಆದಂತೆಲ್ಲ ಬಾಣ ಕಿತ್ತು
ನೀರಿನ ಡ್ರಮ್ಮಿಗೆ ಅಂಟಿಸುತ್ತಾಳೆ.

ಮೊದಲ ರಾತ್ರಿ ಅವಳು ಅದನ್ನು ಎದೆಗೇರಿಸಿದಾಗ
ಬಲಗೈ ತಡವರಿಸಲೇ ಇಲ್ಲ.
"ಯಾವಾಗ ಕಲಿತೆ?"
ಎಳೆದ ಉಸಿರು ಮುಗಿಯುವವರೆಗೆ ಉತ್ತರವಿಲ್ಲ. ಆಮೇಲೆ:
"ಮುನ್ನೂರು ಹೊಲಿಗೆ ಯಂತ್ರದ ಗದ್ದಲದಲ್ಲಿ
ಪ್ಯಾಂಟಿನ ಮೇಲೆ ಬೆರಳು ಏನು ಮಾಡುತ್ತದೆ ಅಂತ
ಸೂಪರ್‌ವೈಸರ್‌ಗೆ ಏನು ಗೊತ್ತು?"

ಎಡಗೈಗೆ ಮಾತ್ರ ಏನೂ ಬರುವುದಿಲ್ಲ.
ಅದು ಹತ್ತೊಂಬತ್ತು ವರ್ಷವೂ ಬಟ್ಟೆ ಹಿಡಿದಿತ್ತು.

ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆ.
ಅವಳು ನಿಲ್ಲಿಸಿ, ಆ ತಪ್ಪನ್ನು ಮತ್ತೆ ನುಡಿಸಿ ನೋಡುತ್ತಾಳೆ,
ಕತ್ತು ಓರೆ ಮಾಡಿ,
ಪಾಸು ಮಾಡಬಹುದೇ ಎಂದು.